ಜಗಲಿ ಏರಿದ ಸಾಬೂನು

ನಮ್ಮ ಓಣಿಯಲ್ಲಿ ಸಿದ್ಧೇಶ್ವರ ಗುಡಿಯ ಗಂಟೆಯಷ್ಟೇ ಸ್ಪಷ್ಟವಾಗಿ ಕೇಳಿಸುವ ಇನ್ನೊಂದು ದನಿ ಎದುರುಮನೆಯ ಮಲಕವ್ವನದು. ಆ ದನಿಯಲ್ಲಿ ಹೆಚ್ಚಾಗಿ ಬರುವ ಮಾತು ಒಂದೇ, "ನಾ ಕಲಿಸೀನಿ." ಸೊಸೆ ಶಾಂಭವಿ ಬಡಿದ ರೊಟ್ಟಿ ತೆಳ್ಳಗಿದೆ ಎಂದು ಬಂದವರು ಅಂದರೆ, "ನಾ ಕಲಿಸೀನಿ." ಎಣ್ಣೆಗಾಯಿ ರುಚಿಯಾದರೆ, ಶೇಂಗಾ ಹೋಳಿಗೆ ಹರಿಯದೆ ಬೆಂದರೆ, ಕೌದಿಯ ಹೊಲಿಗೆ ಸಾಲು ಹಿಡಿದು ಬಂದರೆ, ಎಲ್ಲಕ್ಕೂ ಅದೇ. ಅದೇ ರೊಟ್ಟಿ ಒಂದು ದಿನ ಹೊತ್ತಿತೋ, ಆಗ ಮಾತ್ರ ಗುರುಗಳು ಬದಲಾಗುತ್ತಾರೆ. "ನಿಡೋಣ್ಯಾಗ ಹಿಂಗ ಕಲಿಸಿ ಕಳಸ್ಯಾರ."

ನಿಡೋಣಿ ಶಾಂಭವಿಯ ತವರು. ಮದುವೆಯಾಗಿ ಬರುವಾಗಲೇ ಅವಳಿಗೆ ರೊಟ್ಟಿ, ಹೋಳಿಗೆ, ಕೌದಿ ಎಲ್ಲ ಬರುತ್ತಿತ್ತು. ಈಗ ಅವಳ ಮಗಳೇ ಹೈಸ್ಕೂಲಿಗೆ ಹೋಗುತ್ತಾಳೆ. ಆದರೂ ಆ ಮನೆಯಲ್ಲಿ ಒಳ್ಳೆಯದೆಲ್ಲ ಅತ್ತೆಯ ಪಾಲು, ಕೆಟ್ಟದ್ದೆಲ್ಲ ತವರಿನ ಪಾಲು. ನಡುವೆ ನಿಂತ ಶಾಂಭವಿಗೆ ಪಾಲೇ ಇಲ್ಲ. ಗಂಡ ಸಂಗನಬಸವ ಗುಡಿಯ ಎದುರು ವಿಭೂತಿ, ಕುಂಕುಮ, ಕರ್ಪೂರ, ಊದಿನಕಡ್ಡಿಯ ಅಂಗಡಿ ಇಟ್ಟವನು. ಹೆಂಡತಿ ಏನೇ ದೂರಿದರೂ "ನೋಡೋಣಂತ" ಎನ್ನುತ್ತಾನೆ. ಏನನ್ನೂ ನೋಡುವುದಿಲ್ಲ.

ನಾನು ಸಾಲಿಯಲ್ಲಿ ಕಲಿಸಿ ನಿವೃತ್ತಳಾದವಳಾದ್ದರಿಂದ ಓಣಿಯ ಹೆಂಗಸರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಾರೆ, ತಮ್ಮ ಗೋಳನ್ನೆಲ್ಲ ನನ್ನ ಕಟ್ಟೆಯ ಮೇಲೆ ಇಳಿಸುತ್ತಾರೆ. ಶಾಂಭವಿಯೂ ಒಂದು ದಿನ ಇಳಿಸಿದಳು.

"ಅಕ್ಕೋರ, ನಂಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಈ ಮನ್ಯಾಗ ಒಂದರ ಸಾಮಾನ ನಂದ ಅಂತ ಇರಬೇಕ್ರಿ. ಅತ್ತಿ ಅದನ್ನ ಕೈಯಾಗ ಹಿಡೀಬೇಕು, ದಿನಾ ಬಳಸಬೇಕು, ಇದು ನೀ ಮಾಡಿದ್ದು ಅಂತ ತಮ್ಮ ಬಾಯಿಲೆ ಅನಬೇಕು."

ಮಲಕವ್ವನ ಬಾಯಿಂದ ಆ ಮಾತು ಬರಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಚಹಾ ಕೊಟ್ಟು ಕಳಿಸಿದೆ.

ಆಗಲೇ ಅವಳ ಮೊಬೈಲಿಗೆ ಸಾಬೂನು ಬಂತು. ವಿಡಿಯೋದಲ್ಲಿ ಒಬ್ಬ ಹೆಂಗಸು ಬಣ್ಣ ಬಣ್ಣದ ಪದರಿನ ಸಾಬೂನು ಮಾಡುತ್ತಿದ್ದಳು. ಅವಳ ಅಡಿಗೆಮನೆ ಎಷ್ಟು ಸ್ವಚ್ಛವೆಂದರೆ ಅಲ್ಲಿ ಯಾರೂ ಎಂದೂ ಒಗ್ಗರಣೆ ಹಾಕಿರಲಿಕ್ಕಿಲ್ಲ. ಮಾತು ಮಾತಿಗೂ "ತುಂಬಾ ಸುಲಭ" ಎನ್ನುತ್ತಿದ್ದಳು. ಸುಲಭ ಎನ್ನುವ ಮೇಷ್ಟರನ್ನು ನಾನು ಸರ್ವೀಸಿನುದ್ದಕ್ಕೂ ನಂಬಿದವಳಲ್ಲ, ಆದರೆ ಶಾಂಭವಿ ನಂಬಿದಳು. ಸಾಬೂನಿನ ಬಿಳಿ ಗಟ್ಟಿಯನ್ನು ಕೊರಿಯರಿನಲ್ಲಿ ತರಿಸಿದಳು. ಅದನ್ನು ತುಂಡು ಮಾಡಿ, ಕುದಿಯುವ ನೀರಿನೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ಬಣ್ಣ ಕಲಸಿ ಅಚ್ಚಿಗೆ ಹೊಯ್ಯಬೇಕು, ಮೇಲ್ಭಾಗ ಕೆನೆಗಟ್ಟಿದಾಗ ಎರಡನೆಯ ಬಣ್ಣ ಹೊಯ್ಯಬೇಕು. ಅಚ್ಚಿಗೆಂದು ಪೇಡಾದ ಖಾಲಿ ಡಬ್ಬಿಗಳಿದ್ದವು.

ಮೊದಲ ದಿನ ಹಳದಿ ಪದರಿಗೆ ಅರಿಶಿಣ ಹಾಕಿದಳು. ಹಳದಿ ಎಲ್ಲೋ ಹೋಯಿತು, ಬಂದದ್ದು ಇಟ್ಟಂಗಿಯ ಬಣ್ಣ. ಪುಡಿಯಲ್ಲಿ ಕಲಬೆರಕೆ ಇದೆ ಎಂದು ಕಿರಾಣಿ ಅಂಗಡಿಯವನ ಜೊತೆ ಜಗಳಾಡಿ ಬಂದಳು. ಓಣಿಯ ಪ್ರತಿ ಕಾರ್ಯಕ್ಕೂ ಅರಿಶಿಣದ ನೀರಿಗೆ ಸುಣ್ಣ ಬೆರೆಸಿ ಕೆಂಪಾರತಿ ಮಾಡುವವಳು ಇವಳೇ. ಸಾಬೂನಿನಲ್ಲಿರುವುದೂ ಅಂಥದೇ ಕ್ಷಾರ. ಆದರೆ ಮೊಬೈಲು ಕೈಗೆ ಬಂದ ಮೇಲೆ ಕೈಗೆ ಗೊತ್ತಿದ್ದದ್ದನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಪದರಿನ ಪೇಚಾಟ. ಆತುರಪಟ್ಟು ಬಿಸಿ ಬಿಸಿಯಾಗಿ ಎರಡನೆಯದನ್ನು ಹೊಯ್ದರೆ ಎರಡೂ ಕಲಸಿ ಕಟ್ಟಿನ ಸಾರಿನ ಬಣ್ಣವಾಯಿತು. ಮುಂದಿನ ಸಲ ಮೊದಲನೆಯದು ಚೆನ್ನಾಗಿ ಆರಲಿ ಎಂದು ತವರಿಗೆ ಫೋನು ಹಚ್ಚಿ ಕುಳಿತಳು. ಮಾತು ಮುಗಿಯುವಷ್ಟರಲ್ಲಿ ಕೆಳಗಿನದು ಕಲ್ಲಾಗಿತ್ತು. ಅಚ್ಚಿನಿಂದ ತೆಗೆದ ಸಾಬೂನು ಕೈಯಲ್ಲೇ ಪದರು ಪದರಾಗಿ ಬಿಟ್ಟುಕೊಂಡಿತು. ಮಲಕವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಒಂದ್ ಸಾಬಾಣ ಮಾಡ್ತೇನಿ ಅಂದಾಕಿ ಎರಡ್ ಮಾಡ್ಯಾಳ. ನಿಡೋಣ್ಯಾಗ ಲೆಕ್ಕಾನೂ ಕಲಿಸಿಲ್ಲ."

ಶಾಂಭವಿ ಹಟ ಬಿಡಲಿಲ್ಲ. ಬೆರಳ ತುದಿ ತಾಗಿಸಿದರೆ ಹಾಲಿನ ಕೆನೆಯ ಹಾಗೆ ಸುಕ್ಕಾಗಬೇಕು, ಬೆರಳಿಗೆ ಹತ್ತಬಾರದು. ಆ ಹೊತ್ತಿಗೆ ಸೂಜಿಯಿಂದ ಗೀರು ಎಳೆದು, ಮೇಲೆ ಒಂದಿಷ್ಟು ಸ್ಪಿರಿಟ್ ಚಿಮುಕಿಸಿ ಹೊಯ್ದರೆ ಪದರುಗಳು ಕಚ್ಚಿಕೊಳ್ಳುತ್ತವೆ. ಇಷ್ಟು ಅವಳಿಗೆ ಕೈಗೆ ಹತ್ತಿತು. ಇನ್ನು ಬಣ್ಣ. ಗಂಡನ ಅಂಗಡಿಯಲ್ಲಿ ಬಣ್ಣಕ್ಕೇನು ಬರ? ಕೆಳಗೆ ವಿಭೂತಿ ಅರೆದು ಹಾಕಿದ ಬೂದುಬಿಳಿ, ನಡುವೆ ಅರಿಶಿಣದ ಇಟ್ಟಂಗಿಗೆಂಪು, ಮೇಲೆ ಕುಂಕುಮದ ಕಡುಗೆಂಪು. ಕತ್ತರಿಸಿ ತಂದು ತೋರಿಸಿದಾಗ ನಾನು ನಿಜವಾಗಿಯೂ ಬೆರಗಾದೆ. ಅಷ್ಟು ಚೆಂದ ಇತ್ತು.

ಮೊದಲ ಸಾಬೂನು ಅತ್ತೆಗೆ. ಮಲಕವ್ವ ನೋಡಿದಳು. ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದಳು. ಶಾಂಭವಿಯ ಮುಖ ಅರಳಿತು. ಮಲಕವ್ವ ಸಾಬೂನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಸೀದಾ ದೇವರ ಜಗಲಿಯ ಮೇಲಿಟ್ಟು ಒಂದು ಸೇವಂತಿಗೆ ಏರಿಸಿದಳು.

"ಅತ್ತಿ, ಅದು ಜಳಕದ್ದರಿ."

"ಈಬತ್ತಿ ಕುಂಕುಮ ಹಾಕಿ ಮಾಡಿ, ಕಾಲಿಗೆ ತಿಕ್ಕೋ ಅಂತೀ? ಗಟಾರಕ್ಕ ಹೋಗೂದೇನ ಅದು?"

ಓಣಿಯಲ್ಲಿ ಮನೆಮನೆಗೆ ಹಂಚಿದಳು. ಮರುವಾರ ಹೇಗಿತ್ತು ಎಂದು ಕೇಳಲು ಹೋದರೆ ಎಲ್ಲರ ಮನೆಯಲ್ಲೂ ಸಾಬೂನು ಜಗಲಿಯ ಮೇಲೆ. ಕೆಲವು ಕಡೆ ಊದಿನಕಡ್ಡಿ ಬೆಳಗಿ ಅದರ ಹೊಗೆಯೂ ಹತ್ತಿತ್ತು. ನನ್ನ ಮನೆಗೆ ಬಂದಾಗ ನಾನು ದೇವರ ಕೋಣೆಯ ಬಾಗಿಲು ಎಳೆದುಕೊಂಡೆ, ಆದರೆ ಅವಳು ನೋಡಿಬಿಟ್ಟಳು. ವಿಜ್ಞಾನ ಕಲಿಸಿದವಳೇ ಇರಬಹುದು, ವಿಭೂತಿಯನ್ನು ಹಿಮ್ಮಡಿಗೆ ತಿಕ್ಕಿಕೊಳ್ಳುವ ಧೈರ್ಯ ನನಗೂ ಇಲ್ಲ.

ಸಂಗನಬಸವ ಮಾತ್ರ ಮೊದಲ ಬಾರಿಗೆ ನೋಡಿದ. ಉಳಿದವನ್ನು ಒಯ್ದು ಅಂಗಡಿಯಲ್ಲಿ ಕರ್ಪೂರದ ಪಕ್ಕ ಇಟ್ಟ. ಇಟ್ಟಂಗಿಹಾಳದ ಭಕ್ತರೊಬ್ಬರು ಒಯ್ದು, ಕೆಂಪು ಅರಿವೆಯಲ್ಲಿ ಸುತ್ತಿ, ತಲಬಾಗಿಲ ಮೇಲೆ ತೆಂಗಿನಕಾಯಿಯ ಜೊತೆ ಕಟ್ಟಿದರಂತೆ. ಮನೆಗೆ ದೃಷ್ಟಿ ತಾಗುವುದು ನಿಂತಿದೆ, ಇನ್ನೊಂದು ಕೊಡಿ ಎಂದು ಬಂದರಂತೆ. ಇದನ್ನು ಅವನು ಹೆಂಡತಿಗೆ ಬಹಳ ಹೆಮ್ಮೆಯಿಂದ ಹೇಳಿದ.

ಶಾಂಭವಿ ನನ್ನ ಕಟ್ಟೆಯ ಮೇಲೆ ಕುಳಿತು ಅತ್ತಳು. "ಕೈ ಮುಗೀತಾರ್ರಿ ಅಕ್ಕೋರ, ಮೈಗೆ ಹಚ್ಚವಲ್ರು."

ನಗು ಬಂತು, ಸಂಕಟವೂ ಆಯಿತು. ನಮ್ಮ ಊರಲ್ಲಿ ಒಬ್ಬರನ್ನು ಮಾತಾಡಿಸದೆ ಇರಬೇಕಾದರೆ ಪೂಜೆ ಮಾಡಿಬಿಡುವುದು ಮೊದಲಿನಿಂದಲೂ ಇದ್ದದ್ದೇ. ಹುಡುಗಿ ಅಳುವುದರಲ್ಲಿ ನ್ಯಾಯವಿತ್ತು.

ಬೇಸರ ಕಳೆಯಲು ನಿಡೋಣಿಗೆ ಹೋದಳು. ಅಲ್ಲಿ ಅವಳ ತಾಯಿ ಹಿತ್ತಲಲ್ಲಿ ಕುಳಿತು ತಲೆಗೆ ಎರೆಮಣ್ಣು ಕಲಸಿ ಹಚ್ಚಿಕೊಳ್ಳುತ್ತಿದ್ದಳು. ಹಳೆಯ ಕಾಲದ ಹೆಂಗಸರಿಗೆ ಹೊಲದ ಆ ಕಪ್ಪು ಮಣ್ಣೇ ತಲೆಯ ಸಾಬೂನು. ಶಾಂಭವಿ ನೋಡುತ್ತ ನಿಂತಳು. ಮರುದಿನ ಬಬಲೇಶ್ವರದ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಚೀಲ ಮಣ್ಣು ಇಟ್ಟುಕೊಂಡು ವಾಪಸು ಬಂದಳು. ಮಲಕವ್ವ ಬಾಗಿಲಲ್ಲೇ ಇದ್ದಳು.

"ಮಂದಿ ತವರಮನಿಂದ ಸೀರಿ ತರ್ತಾರ. ಇಕಿ ಮಣ್ಣ ತಂದಾಳ."

ಶಾಂಭವಿ ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೆಯ ಸೀರೆಯ ಅರಿವೆಯಲ್ಲಿ ಸೋಸಿದಳು. ಕೆಳಗಿನ ಪದರು ಕಪ್ಪು ಎರೆಮಣ್ಣಿನದು, ಮೇಲಿನದು ಕಡಲೆಹಿಟ್ಟಿನದು. ಮಲಕವ್ವ ಅಂಗಡಿಯ ಸಾಬೂನನ್ನು ಎಂದೂ ಮುಟ್ಟಿದವಳಲ್ಲ. "ಅದರಾಗ ಏನ್ ಹಾಕಿರ್ತಾರೋ" ಎಂದು ಮೊದಲಿನಿಂದಲೂ ಕಡಲೆಹಿಟ್ಟನ್ನೇ ಹಚ್ಚಿಕೊಳ್ಳುವವಳು. ಈ ಸಲದ ಸಾಬೂನಿನಲ್ಲಿ ದೇವರಿಗೆ ಸಂಬಂಧಪಟ್ಟದ್ದು ಒಂದು ಚಿಟಿಕೆಯೂ ಇರಲಿಲ್ಲ. ಯಾರಿಗೂ ಹೇಳದೆ ಅದನ್ನು ಬಚ್ಚಲಲ್ಲಿ ಕಡಲೆಹಿಟ್ಟಿನ ಡಬ್ಬಿಯ ಪಕ್ಕ ಇಟ್ಟಳು.

ದಿನಾ ಬೆಳಿಗ್ಗೆ ಅತ್ತೆಯ ಸ್ನಾನವಾದ ಕೂಡಲೇ ಹೋಗಿ ಮುಟ್ಟಿ ನೋಡುವಳು. ಒಣಗಿಯೇ ಇರುತ್ತಿತ್ತು. ಬಹಳ ದಿನ ಹಾಗೇ ಹೋಯಿತು. ಒಂದು ಬೆಳಿಗ್ಗೆ ಮಾತ್ರ ಓಡುತ್ತ ನನ್ನ ಮನೆಗೆ ಬಂದಳು. ಕೈಯಲ್ಲಿ ಕಾಗದದ ಮಡಿಕೆ, ಅದರೊಳಗೆ ಒಂದು ಉದ್ದನೆಯ ಬಿಳಿ ಕೂದಲು. ಸಾಬೂನಿಗೆ ಅಂಟಿತ್ತಂತೆ. ಆ ಮನೆಯಲ್ಲಿ ಶಾಂಭವಿಯದು, ಅವಳ ಮಗಳದು ಕಪ್ಪು ಕೂದಲು, ಸಂಗನಬಸವನ ತಲೆಯಲ್ಲಿ ಉದುರಲು ಏನೂ ಉಳಿದಿಲ್ಲ.

"ಅತ್ತಿದರಿ ಅಕ್ಕೋರ."

"ಜಗಲಿ ಮ್ಯಾಲ ಇಡು" ಎಂದೆ. ಅವಳು ನಗಲಿಲ್ಲ. ಅತ್ತೆ ಬಳಸುತ್ತಿದ್ದಾಳೆ, ಆದರೆ ತುಟಿ ಬಿಚ್ಚುತ್ತಿಲ್ಲ, ಅದೇ ಅವಳ ಸಂಕಟ.

ಮುಂದಿನ ವಾರ ಟಿಕೋಟಾದಿಂದ ಮಲಕವ್ವನ ತಂಗಿ ನೀಲಾಬಾಯಿ ಒಣದ್ರಾಕ್ಷಿಯ ಗಂಟು ಹಿಡಿದು ಬಂದಳು. ನನ್ನನ್ನೂ ಚಹಾಕ್ಕೆ ಕರೆದಿದ್ದರು. ಸ್ನಾನ ಮುಗಿಸಿದ ನೀಲಾಬಾಯಿ ತಲೆಗೂದಲು ಕೊಡವುತ್ತ ಪಡಸಾಲೆಗೆ ಬಂದಳು.

"ಅಕ್ಕಾ, ಆ ಕರೇ ಹಳದಿ ಸಾಬಾಣ ಎಲ್ಲಿಂದ ತಂದಿ? ನಮ್ಮವ್ವ ಎರಿಮಣ್ಣ ಹಚ್ಚಿ ತಲಿ ತೊಳೀತಿದ್ಲಲ್ಲ, ಅದ ವಾಸನಿ ಬಂತ ನೋಡ."

ಮಲಕವ್ವ ಒಂದು ಕ್ಷಣವೂ ತಡೆಯಲಿಲ್ಲ. "ಮನ್ಯಾಗ ಮಾಡಿದ್ದು. ನಾ ಕಲಿಸೀನಿ."

ಶಾಂಭವಿ ಚಹಾದ ತಾಟು ಹಿಡಿದು ನಿಂತಿದ್ದಳು. ತಾಟನ್ನು ಕೆಳಗಿಟ್ಟಳು. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು.

"ಇಲ್ರಿ ಚಿಗವ್ವಾರ. ಇದನ್ನ ಯಾರೂ ಕಲಿಸಿಲ್ಲ. ನಾನ ಕಲ್ತೀನಿ. ಮಣ್ಣ ನಿಡೋಣಿದು, ಕೈ ನಂದು."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸಂಗನಬಸವ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ಹೊರಟ. ಮಲಕವ್ವ ಸೊಸೆಯನ್ನು ಮೇಲಿಂದ ಕೆಳಗಿನ ತನಕ ನೋಡಿ ತಂಗಿಯ ಕಡೆ ತಿರುಗಿದಳು.

"ಕೇಳಿದೇನ ನೀಲಾ? ಬಂದಾಗ ಬಾಯೇ ಇದ್ದಿದ್ದಿಲ್ಲ ಇಕಿಗೆ. ಹಿಂಗ ಎದುರ ಮಾತಾಡೂದನ್ನೂ ನಾನ ಕಲಿಸೀನಿ."

ಶಾಂಭವಿ ಬಾಯಿ ತೆರೆದಳು. ಎದುರು ಮಾತಾಡಿದರೆ ಅತ್ತೆಯ ಮಾತೇ ನಿಜವಾಗುತ್ತದೆ, ಸುಮ್ಮನಿದ್ದರೂ ಅತ್ತೆಯ ಮಾತೇ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ನೀಲಾಬಾಯಿಗೆ ಕೊಡಲು ಎರಡು ಸಾಬೂನು ಕಾಗದದಲ್ಲಿ ಸುತ್ತಿ ತಂದಳು. ನೀಲಾಬಾಯಿ ಕೈ ಚಾಚುವ ಮೊದಲೇ ಮಲಕವ್ವ ಒಂದನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ನಂದು ಸವದೈತಿ" ಎಂದಳು. ಗಂಟು ಬಿಗಿಯುತ್ತ, ಯಾರ ಮುಖವನ್ನೂ ನೋಡದೆ, "ಇನ್ನ ಆ ಹಿಟ್ಟಿನ ಡಬ್ಬಿ ತಗದ ಇಡು. ನೀ ಮಾಡಿದ್ದ ಸಾಕು ನಂಗ."

ಶಾಂಭವಿ ಹೂಂ ಎಂದು ಬಚ್ಚಲಿಗೆ ಹೋದಳು. ಒಂದು ಡಬ್ಬಿ ತರಲು ಅವಳಿಗೆ ಬಹಳ ಹೊತ್ತು ಹಿಡಿಯಿತು.