ಕಿಟಕಿಯ ಸರಳು ಮುಟ್ಟುವವರು

ಯಲ್ಲಾಪುರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದ ನನ್ನ ಭಾವ ಅದರ ಕ್ಯಾಬಿನೆಟ್ ಬಿಚ್ಚುವ ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟುತ್ತಿದ್ದರು. ಮೈಯೊಳಗಿನ ಕರೆಂಟು ಒಳಗಿನ ಚಿಪ್‌ಗೆ ತಾಗಬಾರದಂತೆ. ‘ಕರೆಂಟು ಹೇಳಿಕೇಳಿ ಬತ್ತಿಲ್ಲೆ ತಮಾ’ ಎನ್ನುವುದು ಅವರ ಮಾತು.

ಗೇಮ್ ಆಡಲು ನನ್ನ ದುಡ್ಡಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬರುತ್ತಿತ್ತು, ಇಲ್ಲವೇ ಸಣ್ಣ ಕಾರ್ಡಿನ ಜೊತೆ ಹೊಸ ಪವರ್ ಸಪ್ಲೈ. ನಾನು ದೊಡ್ಡದಕ್ಕೇ ಹಟ ಹಿಡಿದೆ. ಕಂಪ್ಯೂಟರಿಗೆ ಕರೆಂಟು ಹಂಚುವ ಹಳೆಯ ಪವರ್ ಸಪ್ಲೈ ಅದನ್ನು ತಾಳುವುದು ಅನುಮಾನವಾಗಿತ್ತು; ತಾಳದಿದ್ದರೆ ಅದು ಸುಟ್ಟು ಹಾರ್ಡ್ ಡಿಸ್ಕನ್ನೂ ಸುಡಬಹುದಿತ್ತು. ಅವರು ವಾದಿಸದೆ ಕಾರ್ಡ್ ಕೂರಿಸಿದರು. ಆಮೇಲೆ ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಕೈಗಿಟ್ಟರು.

‘ಇದ್ರಲ್ಲಿ ಎಂತ ಇದ್ದು?’

‘ಅಜ್ಜಿ ಹಾಡಿದ್ದು. ಮತ್ತೆಲ್ಲೂ ಇಲ್ಲೆ.’ ಅಜ್ಜಿ ತೀರಿ ವರ್ಷವಾಗಿತ್ತು.

‘ಹಂಗಾರೆ ಗಟ್ಟಿ ಹಿಡ್ಕ. ದೂರ ನಿಲ್ಲು.’

ಅವರು ಸ್ವಿಚ್ಚಿನ ಮೇಲೆ ಬೆರಳಿಟ್ಟರು.

‘ಬ್ಯಾಡ ಭಾವಾ!’ ಎಂದೆ. ‘ಸಣ್ಣದೇ ಸಾಕು.’

ಅವರು ಸ್ವಿಚ್ಚಿನಿಂದ ಕೈ ತೆಗೆದು, ಕಾರ್ಡ್ ಬಿಚ್ಚಲು ಮತ್ತೆ ಸರಳು ಮುಟ್ಟಿದರು.