ಸರ್ದಾರ್ಜಿ ಮಗನ ಮುಡಿ

ಕಾರ್ಗಿಲ್ ಯುದ್ಧದ ಮರುವರ್ಷ ಪಂಜಾಬಿನಿಂದ ಬಿತ್ತನೆ ಆಲೂಗಡ್ಡೆ ತಂದ ಲಾರಿ ಸಾಲಗಾಮೆಯ ನಮ್ಮ ಮನೆ ಮುಂದೆ ಕೆಟ್ಟು ನಾಲ್ಕು ದಿನ ನಿಂತಿತು. ಡ್ರೈವರ್ ಸರ್ದಾರ್ಜಿ ಎಂಟು ವರ್ಷದ ಮಗನನ್ನೂ ಕರೆತಂದಿದ್ದ. ಯುದ್ಧಕ್ಕೆ ಖಾಲಿಯಾದ ಅವರ ಗಡಿಯೂರಲ್ಲಿ ಶಾಲೆ ಇನ್ನೂ ತೆರೆದಿರಲಿಲ್ಲವಂತೆ.

ಹುಡುಗನ ನೆತ್ತಿಯ ಕೂದಲ ಗಂಟು ನೋಡಿ ನಮ್ಮವ್ವ, "ಯಾವ ದೇವ್ರಿಗೆ ಮುಡಿ ಬಿಟ್ಟಿದ್ದೀಯ ಮಗಾ?" ಅಂದಳು. ಅವರ ಧರ್ಮದಲ್ಲಿ ಕೂದಲು ತೆಗೆಯೋದೇ ಇಲ್ಲ ಅಂತ ನಾನಂದರೆ, "ಅಂಗಾರೆ ಅರಕೆ ದೊಡ್ಡದೇ ಕಣ" ಅಂದುಬಿಟ್ಟಳು.

ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಅವನೂ ನನ್ನ ಮಗನೂ ದಿನವಿಡೀ ಗೋಲಿಯಾಡಿದರು. ಲಾರಿ ಹೋದ ಮೇಲೆ ನನ್ನ ಮಗ ಕ್ಷೌರಕ್ಕೆ ಕೂರಲೇ ಇಲ್ಲ. "ಬುಡ್ಲಾ, ಆ ಮಗೀನ ಸ್ಕೂಲು ತೆಗೀಲಿ ಅಂತ ಅರಕೆ" ಎಂದು ಅವ್ವ ಮೊಮ್ಮಗನ ಪರ ನಿಂತಳು.

ಮುಂದಿನ ಬಿತ್ತನೆಗೆ ಸರ್ದಾರ್ಜಿ ಒಬ್ಬನೇ ಬಂದ. ಮಗ ಶಾಲೆಗೆ ಹೋಗ್ತಿದ್ದಾನಂತೆ. ನನ್ನ ಮಗನ ಮುಖ ಸಣ್ಣದಾಯ್ತು. ಅವ್ವ ಮಾತ್ರ ಕುಣಿಯುವುದೊಂದು ಬಾಕಿ: "ಅರಕೆ ತೀರ್ತು, ಕ್ಷೌರದೋನ್ನ ಕರ್ಕಂಬಾರ್ಲಾ!"