ಅಮ್ಮ ಎತ್ತಿದ ಎರಡು ಬೆರಳು

“ಸಿಸೇರಿಯನ್ ಎಷ್ಟು ಸಲ ಆಗಿದೆ?” ಎಂದು ಕುಮಟಾದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗ, ಅಮ್ಮನ ಪರವಾಗಿ ನಾನೇ “ಒಂದು” ಎಂದೆ. ನಾನು ಅವಳಿಗೆ ಒಬ್ಬಳೇ ಮಗಳು, ಇದರಲ್ಲಿ ಯೋಚಿಸುವುದೇನಿತ್ತು? ಪಕ್ಕದಲ್ಲಿ ಕೂತಿದ್ದ ಅಮ್ಮ ಎರಡು ಬೆರಳು ಎತ್ತಿದಳು.

ಅಮ್ಮನ ಗರ್ಭಕೋಶವನ್ನು ಸಣ್ಣ ರಂಧ್ರಗಳ ಮೂಲಕ ತೆಗೆಸಲು ಬಂದಿದ್ದೆವು. ಅವಳ ತೂಕವೇ ದೊಡ್ಡ ಅಡ್ಡಿಯೆಂದು ನಂಬಿ, ಒಂದು ತಿಂಗಳು ಹುರಿದ ಬಂಗಡೆ ಮೀನು ತಿನ್ನುವುದನ್ನು ಬಿಡಿಸಿ, ದಿನಾ ಸಂಜೆ ನಮ್ಮೂರು ಹೊಳನಗದ್ದೆಯ ಗದ್ದೆಬದುವಿನ ಮೇಲೆ ನಡೆಸಿದ್ದೆ.

“ತೂಕಕ್ಕೆ ನಾವು ತಯಾರಿ ಮಾಡ್ಕೊಳ್ತೇವೆ. ಆದ್ರೆ ಹಳೇ ಹೊಲಿಗೆ ಹೆಚ್ಚಾದಷ್ಟೂ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರೂ ಸಾಧ್ಯತೆ ಹೆಚ್ಚು. ಹೊಟ್ಟೆ ಕೊಯ್ಯಬೇಕಾಗಿಯೂ ಬರಬಹುದು. ಇದನ್ನ ಮೊದಲೇ ಹೇಳ್ಬೇಕು,” ಎಂದರು ಡಾಕ್ಟರಮ್ಮ. ಎರಡನೇ ಸಲ ಸಾಮಾನ್ಯವಾಗಿ ಹಳೆಯ ಗಾಯದ ಮೇಲೇ ಕೊಯ್ಯುವುದರಿಂದ ಹೊರಗೆ ಕಾಣುವುದು ಒಂದೇ ಗೆರೆಯಂತೆ.

ಹೊರಗೆ ಬಂದವಳೇ, ಸಿಟ್ಟೋ ಗಾಬರಿಯೋ ನನಗೇ ತಿಳಿಯದೆ, “ಎಂತಕ್ಕೆ ಹೇಳ್ಲಿಲ್ಲ?” ಎಂದೆ.

ಅಮ್ಮ ಸೆರಗು ಸರಿಮಾಡಿಕೊಂಡಳು. “ಎಂತ ಹೇಳೂದು? ನಿನಗಿಂತ ಮುಂಚೆ ಒಂದಿತ್ತು. ಮನೆಗೆ ತರೂಕೆ ಆಗ್ಲಿಲ್ಲ.”

ಆಪರೇಷನ್ ಅಂದುಕೊಂಡದ್ದಕ್ಕಿಂತ ತಡವಾದರೂ ಸಣ್ಣ ರಂಧ್ರಗಳಲ್ಲೇ ಮುಗಿಯಿತು. ಅಮ್ಮ ಮತ್ತೆ ಬಂಗಡೆ ಹುರಿಯುತ್ತಾಳೆ. ಅದು ಅಣ್ಣನೋ ಅಕ್ಕನೋ ಎಂದು ನಾನಿನ್ನೂ ಕೇಳಿಲ್ಲ. ಆದರೆ “ಮನೆಯಲ್ಲಿ ಎಷ್ಟು ಮಕ್ಕಳು ನೀವು?” ಎಂದು ಯಾರಾದರೂ ಕೇಳಿದರೆ, ಇಷ್ಟು ವರ್ಷ ಥಟ್ಟನೆ ಬರುತ್ತಿದ್ದ ಉತ್ತರ ಈಗ ಬರುವುದಿಲ್ಲ.